ಹಲಗೆಯ ಮೇಲೆ ಬಂದ ಟೀಚರ್, ದಾನಮ್ಮ ಮುಚ್ಚಿಟ್ಟ ಹುಣ್ಣು

ಮೈಮೇಲೆ ಏನಾದರೂ ಎದ್ದರೆ ನಮ್ಮೂರಲ್ಲಿ ಔಷಧಕ್ಕೆ ಬರವಿಲ್ಲ. ಒಬ್ಬರು ಅರಿಶಿನ ಹಚ್ಚು ಎನ್ನುತ್ತಾರೆ. ಇನ್ನೊಬ್ಬರು ಸುಣ್ಣ ಎನ್ನುತ್ತಾರೆ. ಮತ್ತೊಬ್ಬರು ಒಲೆಯ ಬೂದಿ ಎನ್ನುತ್ತಾರೆ. ಡಾಕ್ಟರಿಗೆ ತೋರಿಸು ಎನ್ನುವವರು ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಸುಣ್ಣವೂ ಮುಗಿದಿರುತ್ತದೆ, ಬೂದಿಯೂ ಮುಗಿದಿರುತ್ತದೆ, ಗಾಯ ಮಾತ್ರ ಇದ್ದಲ್ಲೇ ಇರುತ್ತದೆ.

ನಮ್ಮ ದಾನಮ್ಮನದೂ ಹಾಗೆಯೇ ಆಯಿತು.

ಚಿತ್ತಾಪುರದಿಂದ ಶಹಾಬಾದ್ ಕಡೆಗೆ ಹೋಗುವಾಗ ಕಾಗಿಣಾ ಹೊಳೆಯ ದಂಡೆಗೆ ಇರುವ ಊರು ನಮ್ಮದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನನ್ನನ್ನು ಹೆಣ್ಣುಮಕ್ಕಳ ಸಂಘದ ಮೀಟಿಂಗಿಗೆ ಕೂಡಿಸುವುದಿಲ್ಲ ಎಂದು ದಾನಮ್ಮ ಹೆದರಿಸಿದ್ದಾಳೆ. ಉಳಿದದ್ದನ್ನೆಲ್ಲ ಬಿಡದೆ ಬರೆ ಎಂದವಳೂ ಅವಳೇ. ಅದಕ್ಕೇ ಬರೆಯುತ್ತಿದ್ದೇನೆ.

ದಾನಮ್ಮ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾಳೆ. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಕಲ್ಲನ್ನು ಅಲ್ಲಿ ಫರಸಿ ಎನ್ನುತ್ತಾರೆ. ಫರಸಿಯನ್ನು ಮಷಿನ್ನಿಗೆ ಕೊಡುವುದು, ಮಷಿನ್ನಿನಿಂದ ತೆಗೆದು ಗೋಡೆಗೆ ಆನಿಸುವುದು, ಲಾರಿ ಬಂದರೆ ತುಂಬುವುದು, ಎಲ್ಲ ಹೆಣ್ಣುಮಕ್ಕಳ ಕೆಲಸ. ಅಲ್ಲಿಯ ಹೆಣ್ಣುಮಕ್ಕಳಿಗೆ ಒಂದು ರೂಢಿ ಇದೆ. ಕಲ್ಲಿಗೆ ಕೈ ಹಾಕುವ ಮುಂಚೆ ಸೀರೆಯೊಳಗಿನ ಪರಕರದ ಲಾಡಿಯನ್ನು ಇನ್ನೊಮ್ಮೆ ಬಿಗಿದು ಎಳೆಯುತ್ತಾರೆ. ಬಿಗಿದಷ್ಟೂ ಸೊಂಟಕ್ಕೆ ಬಲ ಎಂಬ ನಂಬಿಕೆ. ದಾನಮ್ಮನಿಗೆ ಇದನ್ನು ಕಲಿಸಿದವರು ಅವಳ ಅತ್ತೆ ಭೀಮಬಾಯಿ. ಅವರು ಹರೆಯದಲ್ಲಿ ಕಲ್ಲಿನ ಖಣಿಯಲ್ಲಿ ದುಡಿದವರು.

ಹೀಗೆ ಎಳೆದೂ ಎಳೆದೂ ದಾನಮ್ಮನ ಸೊಂಟದ ಎಡಗಡೆ, ಲಾಡಿಯ ಗಂಟು ಬೀಳುವ ಜಾಗದಲ್ಲಿ, ಚರ್ಮ ಕಪ್ಪಾಗಿ ದಪ್ಪಗಾಯಿತು. ಆಮೇಲೆ ಕೆರೆತ ಬಂತು. ಆಮೇಲೆ ಬಿರಿಯಿತು. ಕಳೆದ ಬೇಸಿಗೆಯಲ್ಲಿ ಅದು ಹುಣ್ಣಾಯಿತು. ಮಳೆಗಾಲ ಬಂದು ಹೋದರೂ ಮಾಯಲಿಲ್ಲ. ಯಾರಿಗೂ ತೋರಿಸಲಿಲ್ಲ. ತೋರಿಸುವ ಜಾಗವೇ ಅದು? ಗಂಡ ಖಂಡೆಪ್ಪನಿಗೂ ಹೇಳಲಿಲ್ಲ. ಅತ್ತೆಗೆ ಮಾತ್ರ "ಲಾಡಿ ಕಚ್ಚೇದ್ರಿ ಅತ್ತಿ" ಎಂದಳು. ಅತ್ತೆ ಸುಣ್ಣ ಬೆಲ್ಲ ಕಲಸಿ ಕೊಟ್ಟರು.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ. ಹೊಳೆಯ ನೀರು ತಿಳಿಯಾಗಿತ್ತು. ನಾವೆಲ್ಲ ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹತ್ತಿರ ಬಟ್ಟೆ ಒಗೆಯುತ್ತಿದ್ದೆವು. ಮೊದಲು ನೋಡಿದವಳು ಖುರ್ಷಿದಬೇಗಂ. ದಾನಮ್ಮನ ಜೊತೆ ಅದೇ ಕಾರ್ಖಾನೆಗೆ ಹೋಗುವವಳು. ಒಗೆಯುವ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತಳು.

"ಅರೇ, ಆ ಹುಡ್ಗಿ ನೀರ ಮ್ಯಾಲ ನಿಂತು ಬರ್ಲಿಕತ್ತಾಳಲ್ಲ!"

ನಿಜವೇ. ಸೇಡಂ ಕಡೆಯಿಂದ, ಹೊಳೆಯ ನಟ್ಟ ನಡುವೆ, ಒಂದು ಹೆಣ್ಣುಮಗಳು ನೆಟ್ಟಗೆ ನಿಂತುಕೊಂಡು ಬರುತ್ತಿದ್ದಳು. ಕಾಲ ಕೆಳಗೆ ಒಂದು ಉದ್ದನೆಯ ಹಲಗೆ. ಕೈಯಲ್ಲಿ ಒಂದು ಹುಟ್ಟು. ತಲೆಗೆ ಅಗಲವಾದ ಟೊಪ್ಪಿಗೆ, ಮೈತುಂಬ ತೋಳಿನ ಅಂಗಿ, ಅದರ ಮೇಲೆ ನೀರಲ್ಲಿ ಮುಳುಗದಂತೆ ಹಾಕುವ ಕಿತ್ತಳೆ ಬಣ್ಣದ ಜಾಕೀಟು.

ನಮಗೆ ತಲೆಬುಡ ತಿಳಿಯಲಿಲ್ಲ. ಮಹಾಪೂರ ಬಂದಾಗ ದೋಣಿ ತರುವ ಸರ್ಕಾರದವರೆಂದರೆ, ಮಹಾಪೂರ ಇರಲಿಲ್ಲ. ಮೀನು ಹಿಡಿಯುವವಳೆಂದರೆ, ಬಲೆ ಇರಲಿಲ್ಲ. ಯಾವುದೋ ಹರಕೆ ಹೊತ್ತಿರಬೇಕು ಎಂದು ಒಬ್ಬಳು ಕೈ ಮುಗಿದೇಬಿಟ್ಟಳು. ಖುರ್ಷಿದಬೇಗಂ ಮಾತ್ರ, "ಹಲಗಿ ಮಾರಾಕಿ ಇರ್ಬೇಕು, ಮೊದಲ ಆಟ ತೋರಸ್ತಾಳ, ಆಮ್ಯಾಲ ರೇಟ್ ಹೇಳ್ತಾಳ" ಎಂದಳು.

ಹುಡುಗಿ ಬಾಂದಾರದ ಹತ್ತಿರ ಬಂದು ದಂಡೆಗೆ ಇಳಿದಳು. ದಂಡೆಯ ಮೇಲೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ವಯಸ್ಸಾದ ಹೆಣ್ಣುಮಗಳೊಬ್ಬರು ಕೋಲೂರಿಕೊಂಡು ಇಳಿದರು. ಹುಡುಗಿಯ ಹೆಸರು ಲುಂಬಿನಿ, ವಾಡಿಯಲ್ಲಿ ಆಟದ ಟೀಚರ್. ಆ ಹೆಣ್ಣುಮಗಳು ಅವಳ ತಾಯಿ ಸಂಘಮಿತ್ರಾ.

"ಎಲ್ಲಿಂದ ಬರ್ಲಿಕತ್ತೀಯವ್ವಾ? ಎಲ್ಲಿಗಿ ಹೊಂಟಿ?" ದಾನಮ್ಮ ಕೇಳಿದಳು.

"ಮಳಖೇಡದಿಂದ ಬಂದೀನಕ್ಕಾ. ಹೊನಗುಂಟಾಕ್ಕ ಹೊಂಟೀನಿ. ಕಾಗಿಣಾ ಭೀಮಾಕ್ಕ ಕೂಡ್ತದಲ್ರಿ, ಅಲ್ಲಿ ತನಕ."

"ಬಸ್ ಇಲ್ಲೇನು?"

ಎಲ್ಲರೂ ನಕ್ಕರು. ಲುಂಬಿನಿಯೂ ನಕ್ಕಳು. "ಬಸ್ ಅದ ಅಕ್ಕಾ. ಬಸ್ಸಿನಾಗ ಹೋದ್ರ ರೊಕ್ಕ ಕೊಡಂಗಿಲ್ಲ ಮಂದಿ. ಹಿಂಗ ಹೋದ್ರ ಕೊಡ್ತಾರ."

ಇದು ಇನ್ನೂ ಕಠಿಣವಾಯಿತು. ಬಸ್ಸಿನಲ್ಲಿ ಹೋದರೆ ನಾವು ರೊಕ್ಕ ಕೊಡಬೇಕು. ನೀರಿನ ಮೇಲೆ ನಿಂತು ಹೋದರೆ ಯಾರು ಯಾಕೆ ಕೊಡುತ್ತಾರೆ?

"ಸಂಗ್ರಾಣಿ ಕಲ್ಲ ಎತ್ತೋ ಪೈಲ್ವಾನಗ ಮಂದಿ ಇನಾಮ ಕೂಗ್ತಾರಲ್ರಿ, ಹಂಗ" ಎಂದು ಲುಂಬಿನಿ ಬಿಡಿಸಿ ಹೇಳಿದಳು. "ಇಷ್ಟು ದೂರ ಹುಟ್ಟು ಹಾಕ್ಕೊಂಡು ಹೋದ್ರ ಇಷ್ಟು ಕೊಡ್ತೀನಿ ಅಂತ ನಮ್ಮ ಪೈಕಿ ಮಂದಿ ಒಪ್ಕೊಂಡಾರ. ಆ ಇನಾಮ ನಾ ಇಟ್ಕೊಳ್ಳಂಗಿಲ್ಲ. ಚರ್ಮದ ಕ್ಯಾನ್ಸರ್ ಆದ ಬಡವ್ರಿಗಿ ನೆರವಾಗೋ ಒಂದು ಸಂಸ್ಥೆ ಅದ, ಅದಕ್ಕ ಹೋಗ್ತದ. ಹೊಳಿ ದಂಡಿ ಊರಾಗ ಇಳದು ಆ ಬ್ಯಾನಿ ಬಗ್ಗಿ ಹೇಳ್ಕೋತನೂ ಹೊಂಟೀನಿ."

ಕ್ಯಾನ್ಸರ್ ಎಂಬ ಮಾತು ಬಿದ್ದ ಕೂಡಲೇ ಕೈ ಮುಗಿದಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಖುರ್ಷಿದಬೇಗಂ ಸುಮ್ಮನಿರುವವಳಲ್ಲ.

"ಚರ್ಮಕ್ಕೂ ಕ್ಯಾನ್ಸರ್ ಆಗ್ತದೇನು? ಅದು ಬಿಸಿಲಿಗಿ ಆಗೋದಂತ, ಬಿಳೇ ಮಂದಿಗಿ. ಟಿವ್ಯಾಗ ನೋಡೀನಿ. ನಮ್ಮ ಕಲಬುರಗಿ ಬಿಸಿಲಿನಾಗ ಕಾದ ಚರ್ಮಕ್ಕ ಏನಾಗ್ತದ?"

ಸಂಘಮಿತ್ರಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಎಡಗಾಲಿನ ಚಪ್ಪಲಿ ಕಳಚಿದರು. ಹಿಮ್ಮಡಿಯ ಒಂದು ಭಾಗ ಇರಲಿಲ್ಲ. ತೊಡೆಯ ಚರ್ಮ ತಂದು ಹಚ್ಚಿದ್ದ ಗುರುತಿತ್ತು.

"ನಾನೂ ಹಂಗೇ ಅಂದಿದ್ದೆ ತಂಗಿ. ಹಿಮ್ಮಡಿ ತಳಕ್ಕ ಒಂದು ಕರಿ ಮಚ್ಚಿ ಇತ್ತು. ಡಾಂಬರ ಹತ್ತೇದ ಅಂತ ತಿಕ್ಕಿದೆ, ಹೋಗ್ಲಿಲ್ಲ. ದೊಡ್ಡದಾಗ್ತಾ ಹೋಯ್ತು. ಆ ಮ್ಯಾಲ ರಕ್ತ ಬಂತು. ಡಾಕ್ಟರ್ ಚರ್ಮದ ಕ್ಯಾನ್ಸರ್ ಅಂದ್ರು, ಅಷ್ಟೂ ಕೊಯ್ದು ತಗದ್ರು. ನನ್ನ ಹಿಮ್ಮಡಿ ತಳಕ್ಕ ಯಾವ ಬಿಸಿಲು ಬಿದ್ದಿತ್ತು, ಹೇಳು?"

ಖುರ್ಷಿದಬೇಗಂ ಬಗ್ಗಿ ಆ ಹಿಮ್ಮಡಿ ನೋಡಿದಳು. ಅಷ್ಟಕ್ಕೇ ಎಲ್ಲ ತಿಳಿಯಿತು ಎಂದು ನೀವು ತಿಳಿಯಬೇಡಿ. ಬಿಸಿಲೂ ಅಲ್ಲದಿದ್ದರೆ ಮತ್ತೇನು ಎಂದು ಗುಸುಗುಸು ಶುರುವಾಯಿತು. ಹಲಗೆಗೂ ಹಿಮ್ಮಡಿಗೂ ಏನು ಸಂಬಂಧ ಎಂದು ನನಗಂತೂ ಆಗ ಗೊತ್ತಾಗಲಿಲ್ಲ; ತಾಯಿಗೆ ಆದದ್ದಕ್ಕೇ ಮಗಳು ಹಲಗೆ ಹತ್ತಿದ್ದು ಎಂದು ಆಮೇಲೆ ಹೊಳೆಯಿತು.

ಹೊತ್ತು ಇಳಿಯುತ್ತಿತ್ತು. ಹಲಗೆಯನ್ನು ಬಾಂದಾರ ದಾಟಿಸಿ ಆ ಕಡೆಯ ನೀರಿಗೆ ಒಯ್ಯಬೇಕಿತ್ತು. ನಡುವೆ ಬರೀ ಕಲ್ಲು. ಹುಟ್ಟು ಹಾಕಿ ಹಾಕಿ ಲುಂಬಿನಿಯ ಭುಜ ಸೋತಿತ್ತು.

"ಸರಿ ಕಡಿಗಿ" ಎಂದಳು ದಾನಮ್ಮ. "ದಿನಾ ಫರಸಿ ಎತ್ತೋರಿಗಿ ಇದೇನು ದೊಡ್ಡದು?"

ಸೆರಗು ಸಿಕ್ಕಿಸಿದಳು. ರೂಢಿಯಂತೆ ಲಾಡಿಯನ್ನು ಹಿಡಿದು ಒಂದು ಬಿಗಿ ಎಳೆದಳು. ಎಳೆದವಳೇ "ಯವ್ವಾ" ಎಂದು ಅಲ್ಲಿಯೇ ಕುಸಿದು ಕುಳಿತಳು. ಮುಖ ಬಿಳಿಚಿಕೊಂಡಿತು. ಸೀರೆಯ ಮೇಲೆ, ಸೊಂಟದ ಪಕ್ಕ, ಒಂದು ಕೆಂಪು ಕಲೆ ನಿಧಾನವಾಗಿ ಅಗಲವಾಯಿತು.

"ಏನಿಲ್ಲ ಏನಿಲ್ಲ, ಮುಟ್ಟಾಗೀನಿ" ಎಂದು ದಾನಮ್ಮ ಸೆರಗಿನಿಂದ ಮುಚ್ಚಿಕೊಂಡಳು.

ಸಂಘಮಿತ್ರಾ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮುಟ್ಟಿನ ಕಲಿ ಅಲ್ಲಿ ಬರಂಗಿಲ್ಲ ತಂಗಿ. ನಡಿ, ಜಾಲಿ ಮರೀಗಿ ಹೋಗಮು. ನಾ ಒಬ್ಬಾಕೇ ನೋಡ್ತೀನಿ."

ನಾನು, ಖುರ್ಷಿದಬೇಗಂ ಇಬ್ಬರೂ ಒಗೆದ ಸೀರೆಯೊಂದನ್ನು ಅಡ್ಡ ಹಿಡಿದು ನಿಂತೆವು. ಸೀರೆಯ ಹಿಂದೆ ದಾನಮ್ಮ ಲಾಡಿ ಸಡಿಲಿಸಿದಳು. ಆಮೇಲೆ ಸಂಘಮಿತ್ರಾ ಕೇಳಿದ್ದು ಕೇಳಿಸಿತು.

"ಎಂದಿಂದ ಅದ ಇದು?"

"ಬ್ಯಾಸಗಿಯಿಂದ್ರಿ."

"ಏನ್ ಹಚ್ಚಿದಿ?"

"ಸುಣ್ಣ ಬೆಲ್ಲ. ಬೂದಿ. ಆಮ್ಯಾಲ... ಪಾಲಿಶ್ ಕಲ್ಲಿನ ಪುಡಿ. ತೇವ ಹೀರ್ತದ ಅಂತ ಹಚ್ಚಿದೆ."

ಕಲ್ಲಿನ ಪುಡಿ! ಪಕ್ಕದಲ್ಲಿ ಸೀರೆ ಹಿಡಿದಿದ್ದ ಖುರ್ಷಿದಬೇಗಂ ತಲೆ ತಗ್ಗಿಸಿದಳು. ಬರೀ ಕೆರೆತ ಎಂದು ದಾನಮ್ಮ ಹೇಳಿದಾಗ ಆ ಪುಡಿಯ ಉಪಾಯ ಹೇಳಿಕೊಟ್ಟವಳು ಇವಳೇ ಅಂತೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದೇ ಸಂಘದಲ್ಲಿ ಮಗ್ಗುಲಿಗೆ ಮಗ್ಗುಲು ಕೂಡುವ ನಮಗೆ ಹುಣ್ಣಿನ ವಿಷಯ ಗೊತ್ತಿರಲಿಲ್ಲವಲ್ಲ.

"ಇದು ಅದೇ ಏನ್ರಿ? ನಿಮ್ಮ ಬ್ಯಾನೀನಾ?" ದಾನಮ್ಮ ಕೇಳಿದಳು.

"ನಾ ಡಾಕ್ಟರ್ ಅಲ್ಲವ್ವಾ. ಹೌದೂ ಅನ್ನಂಗಿಲ್ಲ, ಅಲ್ಲಾನೂ ಅನ್ನಂಗಿಲ್ಲ. ಇಷ್ಟು ದಿನ ಮಾಯದ ಹುಣ್ಣು ಡಾಕ್ಟರಿಗಿ ತೋರಸ್ಬೇಕು. ಅಷ್ಟು ಮಾತ್ರ ನನಗ ಗೊತ್ತು."

ಆ ದಿನ ಲುಂಬಿನಿ ಮುಂದೆ ಹೋಗಲಿಲ್ಲ. ತಾಯಿ ಮಗಳು ಇಬ್ಬರೂ ದಾನಮ್ಮನ ಮನೆಯಲ್ಲಿಯೇ ಉಳಿದರು. ರೊಟ್ಟಿ ಬಡಿಯಲು ನಾನೂ ಹೋದೆ; ಜೋಳದ ರೊಟ್ಟಿ, ಪುಂಡಿಪಲ್ಯ ಆಯಿತು. ಊಟಕ್ಕೆ ಕುಳಿತಾಗ ದಾನಮ್ಮ ಗಂಡನಿಗೆ ಹೇಳಿದಳು. ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಯೇ ಹೇಳಿದಳು.

ಖಂಡೆಪ್ಪ ವಾಡಿಯ ಸಿಮೆಂಟ್ ಕೆಲಸಕ್ಕೆ ಹೋಗುವವನು, ಒಳ್ಳೆಯ ಮನುಷ್ಯ. ಆದರೆ ಅವತ್ತು ಅವನಿಗೆ ಯಾವುದರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ.

"ನನಗ್ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮುಂದ ಹೆಂಗ ಹೇಳ್ಲಿ?"

ಖಂಡೆಪ್ಪ ಲುಂಬಿನಿಯ ಕಡೆಗೆ ತಿರುಗಿದ. "ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ನೀವು ಈ ಬ್ಯಾನಿ ಸಲುವಾಗೇ ರೊಕ್ಕ ಕೂಡಸೋರು. ನಿಮಗ ಎಲ್ಲಿ ನೋಡಿದ್ರೂ ಅದೇ ಕಾಣ್ತದ. ಹಲಗಿ ಮ್ಯಾಲ ಬಂದವ್ರು ಹೇಳ್ಯಾರಂತ ನಾ ದವಾಖಾನಿಗಿ ಓಡ್ಲೇನು?"

"ಹಂಗೂ ಇರಬಹುದು ಅಣ್ಣಾ" ಎಂದಳು ಲುಂಬಿನಿ. "ನಮಗ ತಪ್ಪು ಕಂಡಿದ್ರ ಭಾಳ ಛಲೋ ಆಯ್ತು. ಡಾಕ್ಟರ್ ಏನಿಲ್ಲ ಅಂದ್ರ ನೀವು ನನಗ ಬೈರಿ, ನಾ ಬೈಸ್ಕೋತೀನಿ. ತೋರಸದೇ ಇದ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ."

ಭೀಮಬಾಯಿ ಊಟ ಬಿಟ್ಟು ಎದ್ದರು. "ಒಳಗ ಬರ್ರಿ ಎಲ್ಲರೂ" ಎಂದು ಹೆಣ್ಣುಮಕ್ಕಳನ್ನು ಅಡಿಗೆಮನೆಗೆ ಕರೆದೊಯ್ದರು. ಸೀರೆ ಸರಿಸಿ ತಮ್ಮ ಸೊಂಟ ತೋರಿಸಿದರು. ಅಲ್ಲಿಯೂ ಅದೇ ಜಾಗದಲ್ಲಿ ಕಪ್ಪು ಪಟ್ಟಿ. ದಪ್ಪಗೆ, ಒರಟಾಗಿ.

"ನೋಡ್ರಿ. ಖಂಡೆಪ್ಪ ಹುಟ್ಟೋಕಿಂತ ಮೊದಲಿಂದ ಅದ ನನಗ. ನಾ ಸತ್ತೀನೇನು? ಖಣ್ಯಾಗ ದುಡದ ಎಲ್ಲರಿಗೂ ಇದು ಇರ್ತದ. ಇಲ್ಲದ್ದು ಹೇಳಿ ನನ್ನ ಸೊಸೀಗಿ ಅಂಜಸ್ಬ್ಯಾಡ್ರಿ."

ನಮಗೆಲ್ಲ ಮತ್ತೆ ಗೊಂದಲವಾಯಿತು. ಅತ್ತೆಗೂ ಲಾಡಿ, ಸೊಸೆಗೂ ಲಾಡಿ. ಅತ್ತೆಗೂ ಕಪ್ಪು, ಸೊಸೆಗೂ ಕಪ್ಪು. ಅತ್ತೆ ಗಟ್ಟಿಮುಟ್ಟಾಗಿ ನಿಂತಿದ್ದಾರೆ. ಲುಂಬಿನಿ ದೀಪ ಹತ್ತಿರ ಹಿಡಿದು ಕೇಳಿದಳು.

"ಆಯಿ, ನಿಮ್ಮದು ಎಂದಾದ್ರೂ ಹುಣ್ಣಾಗಿ ತಿಂಗಳಗಟ್ಟಲೆ ಹಂಗೇ ಉಳಿದಿತ್ತೇನ್ರಿ? ರಕ್ತ ಬಂದಿತ್ತೇನ್ರಿ?"

"ಇಲ್ಲ. ಕೆರೀತದ ಅಷ್ಟೇ."

"ಹಂಗಾದ್ರ ಎರಡೂ ಒಂದೇ ಅಂತ ನಾವು ಹೆಂಗ ಹೇಳಾದು? ನೀವೂ ನಡೀರಿ. ಇಬ್ಬರೂ ತೋರಸ್ರಿ."

ಭೀಮಬಾಯಿ ಸೀರೆ ಸರಿಮಾಡಿಕೊಂಡು ಗೋಡೆಗೆ ಒರಗಿದರು. ಈಗ ಅವರ ದನಿಯಲ್ಲಿ ಜಗಳ ಇರಲಿಲ್ಲ.

"ನಿಮಗ ಗೊತ್ತಿಲ್ಲ. ದವಾಖಾನ್ಯಾಗ ಕತ್ತರಿ ಹಾಕ್ತಾರ. ಕಬ್ಬಿಣ ತಾಗಿದ್ರ ಅದು ಮೈತುಂಬ ಹರಡ್ತದ. ನನ್ನ ತಮ್ಮ ಚಂದ್ರಾಮ ಹಂಗೇ ಹೋದ."

ಚಂದ್ರಾಮ ಸುಣ್ಣದ ಭಟ್ಟಿಯಲ್ಲಿ ಕೆಲಸಕ್ಕಿದ್ದನಂತೆ. ಹುಡುಗನಿದ್ದಾಗ ಮೊಳಕಾಲು ಸುಟ್ಟುಕೊಂಡಿದ್ದ. ಗಾಯ ಮಾಯ್ದು ಕಲೆ ಉಳಿದಿತ್ತು. ದೊಡ್ಡವನಾಗಿ ಮಕ್ಕಳಾದ ಮೇಲೆ ಅದೇ ಸುಟ್ಟ ಕಲೆಯಲ್ಲಿ ಹುಣ್ಣು ಎದ್ದಿತು. ದವಾಖಾನೆಗೆ ಒಯ್ದರು, ಕಾಲು ತೆಗೆದರು, ಮುಂದೆ ಕೆಲವೇ ದಿನಕ್ಕೆ ಹೋದ.

"ಕಾಲು ತೆಗೀದಿದ್ರ ಇರ್ತಿದ್ದ ನನ್ನ ತಮ್ಮ" ಎಂದು ಭೀಮಬಾಯಿ ಕಣ್ಣೊರೆಸಿಕೊಂಡರು.

ಸಂಘಮಿತ್ರಾ ಅವರ ಪಕ್ಕಕ್ಕೆ ಕುಳಿತರು. "ಆಯಿ, ಹುಣ್ಣು ಎದ್ದ ಮ್ಯಾಲ ದವಾಖಾನಿಗಿ ಹೋಗೋ ತನಕ ಎಷ್ಟು ದಿನ ಮನ್ಯಾಗ ಇದ್ದ?"

ಭೀಮಬಾಯಿ ಬೆರಳು ಮಡಚಿ ಎಣಿಸಿದರು. "ಎರಡು ಮಳಿಗಾಲ ಹೋಗಿತ್ತು. ಸುಣ್ಣ ಹಚ್ಚತಿದ್ವಿ. ನಾನೇ ಹಚ್ಚತಿದ್ದೆ." ಅವರ ತಾಟಿನಲ್ಲಿಯ ರೊಟ್ಟಿ ಹಾಗೆಯೇ ಉಳಿಯಿತು.

ಬೆಳಿಗ್ಗೆ ನಾವು ಹೆಣ್ಣುಮಕ್ಕಳೆಲ್ಲ ಕೂಡಿ ಹಲಗೆಯನ್ನು ಬಾಂದಾರ ದಾಟಿಸಿದೆವು. ದಾನಮ್ಮನಿಗೆ ಮುಟ್ಟಗೊಡಲಿಲ್ಲ. ಲುಂಬಿನಿ ನೀರಿಗಿಳಿದಳು. ಗೂಡ್ಸ್ ಆಟೋ ದಂಡೆಯ ಮೇಲೆ ಅವಳ ಜೊತೆ ಸಾಗಿತು. ಅದರಲ್ಲಿ ಇರಬೇಕಾದ ತಾಯಿ ಮಾತ್ರ ದಾನಮ್ಮ, ಖಂಡೆಪ್ಪನ ಜೊತೆ ಕಲಬುರಗಿ ಬಸ್ಸು ಹತ್ತಿದರು. ಬಸ್ಸು ಬಿಡುವಷ್ಟರಲ್ಲಿ ಭೀಮಬಾಯಿ ಚೀಲ ಹಿಡಿದು ಬಂದರು. "ನಂದು ಏನಿಲ್ಲ ಅಂತ ಹೇಳಸ್ಕೊಂಡು ಬರ್ತೀನಿ" ಎಂದರು.

ದವಾಖಾನೆಯಲ್ಲಿ ಚರ್ಮದ ಡಾಕ್ಟರ್ ಹೆಣ್ಣುಮಗಳು, ಗುರುದೇವಿ ಎಂದು ಹೆಸರು. ಹೆಣ್ಣು ಡಾಕ್ಟರ್ ಬೇಕು ಎಂದು ಸಂಘಮಿತ್ರಾ ಮೊದಲೇ ಕೇಳಿದ್ದರು. ಪರದೆ ಎಳೆದು, ದೀಪ ಹಾಕಿ, ಇಬ್ಬರನ್ನೂ ನೋಡಿದರು. ತೊಡೆಸಂದಿಯಲ್ಲಿ ಗಂಟು ಏನಾದರೂ ಇದೆಯೋ ಎಂದು ಕೈಯಿಂದ ಒತ್ತಿ ನೋಡಿದರು.

"ಆಯೀದು ಬರೀ ಲಾಡಿ ತಿಕ್ಕಿದ ಕಲಿ. ಅಂಜೋದೇನಿಲ್ಲ, ಆದ್ರ ಲಾಡಿ ಸಡಿಲ ಮಾಡ್ರಿ. ದಾನಮ್ಮಂದು ಬ್ಯಾರೆ ಅದ. ಅಂಚು ಗಟ್ಟಿ ಆಗೇದ, ಎತ್ತರ ಆಗೇದ. ಒಂದು ತುಣುಕ ತಗದು ಪರೀಕ್ಷಾ ಮಾಡ್ಬೇಕು."

"ಅಂದ್ರ ಅದೇ ಏನ್ರಿ?" ಖಂಡೆಪ್ಪ ಕೇಳಿದ.

"ಪರೀಕ್ಷಾ ಆಗೋ ತನಕ ಹೇಳಾಕ ಬರಂಗಿಲ್ಲ."

"ನೀವೂ ಹಂಗೇ ಅಂತೀರಲ್ರಿ! ನಿನ್ನಿಯಿಂದ ಎಲ್ಲರೂ ಹೌದೂ ಅನ್ನವಲ್ರು, ಅಲ್ಲಾನೂ ಅನ್ನವಲ್ರು. ನಾ ಏನ್ ತಿಳ್ಕೋಬೇಕು?"

ಡಾಕ್ಟರ್ ಸಿಟ್ಟಾಗಲಿಲ್ಲ. "ನಿಮಗ ತಲಿ ಕೆಟ್ಟಿದ್ದು ಖರೆ ಅಣ್ಣಾ. ಕಣ್ಣಿಲೆ ನೋಡಿ ನಾ ಏನಿಲ್ಲ ಅಂದು ಕಳಿಸಿದ್ರ ನಿಮಗ ಇವತ್ತು ನಿದ್ದಿ ಬರ್ತದ. ಆ ಮ್ಯಾಲ ಇಕೀಗಿ ತ್ರಾಸ ಆಗ್ತದ. ಅದಕ್ಕೇ ಪರೀಕ್ಷಾ."

"ತುಣುಕ ತಗದ್ರ ಹರಡ್ತದ ಅಂತಾರಲ್ರಿ?" ಇದು ಭೀಮಬಾಯಿ.

"ಇಲ್ಲ ಆಯಿ. ಪರೀಕ್ಷಾಕ್ಕ ತಗದ್ರ ಹರಡಂಗಿಲ್ಲ. ಗೊತ್ತಿಲ್ದಂಗ ಬಿಟ್ರ ಹರಡ್ತದ."

ದಾನಮ್ಮನೇ ಮುಂದೆ ಬಂದು, "ತಗೀರಿ" ಎಂದಳು. ಮರಗಟ್ಟುವ ಸೂಜಿ ಹಾಕಿ ಚಿಕ್ಕದೊಂದು ತುಣುಕು ತೆಗೆದರು. ಇರುವೆ ಕಚ್ಚಿದಷ್ಟೇ ಆಯಿತಂತೆ.

ಪರೀಕ್ಷೆಯ ಫಲ ಬರುವ ತನಕ ಆ ಮನೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ದಾನಮ್ಮ ತನ್ನ ತಾಟು, ಚರಿಗೆ, ಹಾಸಿಗೆ ಎಲ್ಲ ಬೇರೆ ಮಾಡಿಕೊಂಡಳು. ಯಾರೂ ಹೇಳಿರಲಿಲ್ಲ. ಅಂಟುತ್ತದೇನೋ ಎಂದು ಅವಳಿಗೇ ಅಂಜಿಕೆ. ಸಂಘಮಿತ್ರಾ ಫೋನಿನಲ್ಲಿ, "ಇದು ಅಂಟುಬ್ಯಾನಿ ಅಲ್ಲವ್ವಾ, ನನ್ನ ಮಗಳು ನನ್ನ ಮಗ್ಗಲಿಗೇ ಮಲಗ್ತಾಳ" ಎಂದರೂ ಅವಳಿಗೆ ನಂಬಿಕೆ ಬರಲಿಲ್ಲ. ಆ ಸಂಜೆ ಖಂಡೆಪ್ಪ ಅವಳ ತಾಟನ್ನೇ ಎಳೆದುಕೊಂಡು ಅದರಲ್ಲಿಯೇ ರೊಟ್ಟಿ ಮುರಿದು ತಿಂದ. ದಾನಮ್ಮ ಅಡಿಗೆಮನೆಗೆ ಹೋಗಿ ಅತ್ತಳು.

ಇತ್ತ ಲುಂಬಿನಿ ಹೊನಗುಂಟಾ ಮುಟ್ಟಿದ ಸುದ್ದಿ ಬಂತು. ದಾನಮ್ಮ ಫೋನ್ ಮಾಡಿ, "ನೀ ಮುಟ್ಟಿದೆವ್ವಾ, ನಂದಿನ್ನೂ ನಡುನೀರಾಗ ಅದ" ಎಂದಳು.

ಫಲ ಬಂದ ದಿನ ಮತ್ತೆ ಎಲ್ಲರೂ ಡಾಕ್ಟರ್ ಮುಂದೆ ಕುಳಿತರು. ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ.

"ಕ್ಯಾನ್ಸರ್ ಅದ. ಲಾಡಿ ತಿಕ್ಕಿ ತಿಕ್ಕಿ ಆದ ಚರ್ಮದ ಕ್ಯಾನ್ಸರ್. ಆದ್ರ ಚರ್ಮದಾಗೇ ಅದ, ತೊಡಿಸಂದಿ ಗಂಟಿಗಿ ಇಳದಿಲ್ಲ. ಆಪರೇಶನ್ ಮಾಡಿ ಸುತ್ತಲಿನ ಚರ್ಮದ ಸಮೇತ ತೆಗದ್ರ ಆರಾಮಾಗೋ ಭರವಸಿ ಭಾಳ ಅದ."

ಖಂಡೆಪ್ಪನಿಗೆ ಮೊದಲ ಮಾತು ಬಿಟ್ಟರೆ ಉಳಿದದ್ದು ಕಿವಿಗೇ ಬೀಳಲಿಲ್ಲ. "ಉಳೀತಾಳೇನ್ರಿ? ಇಕಿ ಉಳೀತಾಳೇನ್ರಿ?" ಎಂದು ಅದನ್ನೇ ಕೇಳುತ್ತಾ ಹೋದ. ಆಪರೇಶನ್ ಎಂದ ಕೂಡಲೇ ದಾನಮ್ಮ ಅತ್ತೆಯ ಮುಖ ನೋಡಿದಳು. ಖಂಡೆಪ್ಪನೂ ತಾಯಿಯ ಮುಖ ನೋಡಿದ. ಮನೆಯಲ್ಲಿ ಅವರು ಬೇಡವೆಂದರೆ ಮುಂದೆ ಯಾರೂ ದಾಟುವುದಿಲ್ಲ.

ಭೀಮಬಾಯಿ ಸೊಸೆಯ ಕೈ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಕತ್ತರಿ ಹಾಕ್ರಿ ಬಾಯಿ" ಎಂದರು ಡಾಕ್ಟರಿಗೆ. "ನನ್ನ ತಮ್ಮಗ ಕತ್ತರಿ ಕೊಂದಿಲ್ಲ. ನಾ ಸುಣ್ಣ ಹಚ್ಕೋತ ಕುಂತಿದ್ದೆ, ಅದು ಕೊಂದದ. ಇಷ್ಟು ವರ್ಷ ನಾ ಡಾಕ್ಟರಿಗಿ ಬೈದೆ. ನನ್ನ ಸೊಸಿ ಲಗೂ ಬಂದಾಳ, ಆಕೀಗಿ ಉಳಸ್ಕೊಡ್ರಿ."

ಆಪರೇಶನ್ ಆಯಿತು. ಖರ್ಚಿಗೆ ಸರ್ಕಾರಿ ಆರೋಗ್ಯ ಕಾರ್ಡೂ, ಲುಂಬಿನಿ ರೊಕ್ಕ ಕೂಡಿಸಿದ ಆ ಸಂಸ್ಥೆಯೂ ನೆರವಾದವು. ದಾನಮ್ಮ ಈಗ ಮನೆಯಲ್ಲಿದ್ದಾಳೆ, ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಮೊನ್ನೆ ಸಂಘದ ಮೀಟಿಂಗಿನಲ್ಲಿ ಬಾಗಿಲು ಹಾಕಿಸಿ, ನಾಚಿಕೆ ಬಿಟ್ಟು, ಹೊಲಿಗೆಯ ಗುರುತು ಎಲ್ಲರಿಗೂ ತೋರಿಸಿದಳು. ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಈಗ ಲಾಡಿಯ ಬದಲು ಅಗಲವಾದ ಬಟ್ಟೆಯ ಪಟ್ಟಿ ಹೊಲಿಸಿಕೊಳ್ಳುತ್ತಿದ್ದಾರೆ. ಖುರ್ಷಿದಬೇಗಂ ಎಲ್ಲರಿಗಿಂತ ಮೊದಲು ಹೊಲಿಸಿಕೊಂಡಳು. ಕಲ್ಲಿನ ಪುಡಿಯ ಹೆಸರು ತೆಗೆದರೆ ಈಗಲೂ ಅವಳ ಕಣ್ಣು ತುಂಬುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಓದುತ್ತಿರುವ, ಕೇಳುತ್ತಿರುವ ನಿಮಗೆ ನನ್ನದೊಂದು ಕೇಳಿಕೆ. ಸೇಡಂ ಇರಲಿ, ಚಿಂಚೋಳಿ ಇರಲಿ, ವಾಡಿ ಇರಲಿ, ನಿಮ್ಮ ಮೈ ನಿಮ್ಮದೇ. ಲಾಡಿ, ಸಲ್ವಾರಿನ ದಾರ, ಧೋತರದ ಗಂಟು, ಯಾವುದನ್ನೂ ಚರ್ಮ ಕಚ್ಚುವಂತೆ ಬಿಗಿಯಬೇಡಿ. ಒಂದೇ ಜಾಗಕ್ಕೆ ದಿನವೂ ಗಂಟು ಹಾಕಬೇಡಿ. ತಿಂಗಳು ಕಳೆದರೂ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯಲ್ಲಿ ಮತ್ತೆ ಎದ್ದ ಗಾಯ, ಅಂಗಾಲಿನಲ್ಲೋ ಅಂಗೈಯಲ್ಲೋ ಉಗುರಿನ ಕೆಳಗೋ ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ. ಎಲ್ಲ ಕಲೆಯೂ ಕ್ಯಾನ್ಸರ್ ಆಗಿರುವುದಿಲ್ಲ, ಹೆಚ್ಚಿನವು ಬರೀ ಕಲೆಯೇ. ಯಾವುದು ಯಾವುದೆಂದು ನಿಮಗೂ ನನಗೂ ತಿಳಿಯುವುದಿಲ್ಲ. ತಿಳಿಯದಿದ್ದಾಗ ಸುಣ್ಣದ ಡಬ್ಬಿ ಹುಡುಕದೆ ಆಶಾ ಕಾರ್ಯಕರ್ತೆಯ ಹತ್ತಿರ ಹೋಗಿ, ಆಸ್ಪತ್ರೆಯ ದಾರಿ ಕೇಳಿ. ನಾಚಿಕೆಯಾದರೆ ಹೆಣ್ಣು ಡಾಕ್ಟರ್ ಬೇಕೆಂದು ಕೇಳಿ, ಯಾರೂ ಬೈಯುವುದಿಲ್ಲ.

ಇವತ್ತು ಸ್ನಾನ ಮಾಡುವಾಗ ಒಮ್ಮೆ ನಿಮ್ಮ ಸೊಂಟ ನೋಡಿಕೊಳ್ಳಿ. ಏನಾದರೂ ಕಂಡರೆ ಮನೆಯವರಿಗೆ ಹೇಳಿ, ನಾಳೆಯೇ ಆಸ್ಪತ್ರೆಗೆ ಹೊರಡಿ.